ಮನೆಯಲ್ಲಿ ಮೈಕ್ರೊಡರ್ಮಾಬ್ರೇಶನ್: ಮುಖಕ್ಕೆ, ಮೈಗೆ ಗಾಯ ಮಾಡಿಕೊಳ್ಳದೆ ಮಾಡುವ ಕ್ರಮ

ಕಳೆದ ಏಪ್ರಿಲ್‌ನಲ್ಲಿ ಒಬ್ಬ ಹುಡುಗಿ ಕುಮಟಾದ ನನ್ನ ಪಾರ್ಲರಿಗೆ ಬಂದಳು. ಅಕ್ಕನ ಮದುವೆಗೆ ಮೂರೇ ದಿನ ಇತ್ತು. ಮುಖಕ್ಕೆ ಸುತ್ತಿಕೊಂಡಿದ್ದ ದುಪಟ್ಟಾ ಬಿಚ್ಚಿದಾಗ ಎರಡೂ ಕೆನ್ನೆ ಮೇಲೆ ಕಂದು ಗೆರೆಗಳು ಕಂಡವು. ಒಂದೊಂದೂ ಕಿರುಬೆರಳಿನ ಅಗಲ, ಉತ್ತ ಗದ್ದೆಯ ಹಾಗೆ ಸಾಲು ಸಾಲು. ಹದಿನೈದು ದಿನದ ಹಿಂದೆ ಮೈಕ್ರೊಡರ್ಮಾಬ್ರೇಶನ್‌ನ, ಅಂದರೆ ಚರ್ಮದ ಮೇಲ್ಪದರ ಉಜ್ಜಿ ತೆಗೆಯುವ, ಹೊಸ ಯಂತ್ರ ತರಿಸಿ, ಎಲ್ಲಕ್ಕಿಂತ ಜೋರಿನ ಸೆಟ್ಟಿಂಗಿನಲ್ಲಿ ಒಂದೇ ಜಾಗಕ್ಕೆ ಐದಾರು ಸಲ ಎಳೆದಿದ್ದಳು. ಮರುದಿನ ನೆಂಟರ ಜೊತೆ ಗೋಕರ್ಣದ ಬೀಚಿಗೆ ಹೋಗಿ ಮಧ್ಯಾಹ್ನದವರೆಗೆ ನೀರಾಟ ಆಡಿದ್ದಳು. ಆ ಗೆರೆ ಪೂರ್ತಿ ಮಾಸಲು ಐದು ತಿಂಗಳು ಬೇಕಾಯಿತು.

ಇದೇ ತೊಂದರೆ ಹೊತ್ತು ಬರುವವರು ಈಗ ಜಾಸ್ತಿ ಆಗುತ್ತಿದ್ದಾರೆ. ಅವರ ಯಂತ್ರದಲ್ಲಿ ದೋಷ ಇರುವುದಿಲ್ಲ. ಎಡವುವುದು ಕ್ರಮದಲ್ಲಿ. ಯಾವಾಗ ಶುರು ಮಾಡಬೇಕು, ಎಷ್ಟಕ್ಕೆ ನಿಲ್ಲಿಸಬೇಕು, ಆಮೇಲೆ ಒಂದು ವಾರ ಹೇಗಿರಬೇಕು, ಈ ಮೂರರಲ್ಲಿ ಎಲ್ಲೋ ಒಂದು ಕಡೆ ತಪ್ಪಿರುತ್ತದೆ. ಉಜ್ಜುವ ಕೆಲಸ ಹತ್ತು ನಿಮಿಷದ್ದು. ಅದರ ಹಿಂದಿನ ವಾರ, ಮುಂದಿನ ವಾರ ಎರಡೂ ಸರಿ ಇದ್ದರೆ ಮಾತ್ರ ಫಲ ಸಿಗುತ್ತದೆ.

ಈ ಯಂತ್ರದಿಂದ ಏನಾಗುತ್ತದೆ, ಏನಾಗುವುದಿಲ್ಲ

ನಮ್ಮ ಚರ್ಮದ ಎಲ್ಲಕ್ಕಿಂತ ಮೇಲೆ ಸತ್ತ ಜೀವಕೋಶಗಳ ತೆಳು ಪದರ ಇದೆ. ಮುಖದ ಮೇಲೆ ಅದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಅಷ್ಟೇ. ಮನೆಯಲ್ಲಿ ಬಳಸುವ ಯಂತ್ರದ ತುದಿಯಲ್ಲಿ ವಜ್ರದ ಸಣ್ಣ ಹರಳು ಕೂರಿಸಿದ ಟಿಪ್ ಇರುತ್ತದೆ. ಟಿಪ್ಪಿನ ತೂತು ಗಾಳಿ ಹೀರಿ ಚರ್ಮವನ್ನು ಎತ್ತಿ ಹಿಡಿಯುತ್ತದೆ. ನೀವು ಎಳೆದಾಗ ಹರಳು ಆ ಪದರವನ್ನು ತುಸುವೇ ಉಜ್ಜುತ್ತದೆ, ಉದುರಿದ ಪುಡಿ ಫಿಲ್ಟರಿಗೆ ಹೋಗುತ್ತದೆ. ಕೆಲವು ಕ್ಲಿನಿಕ್ಕುಗಳಲ್ಲಿ ಟಿಪ್ಪಿನ ಬದಲು ಅಲ್ಯೂಮಿನಿಯಂ ಆಕ್ಸೈಡ್ ಹರಳು ಚಿಮ್ಮಿಸಿ ಇದೇ ಕೆಲಸ ಮಾಡುತ್ತಾರೆ.

ಕಳೆಗುಂದಿದ ಮುಖ, ಒರಟು ಚರ್ಮ, ಮೂಗಿನ ಬ್ಲ್ಯಾಕ್‌ಹೆಡ್, ಮೇಲುಮೇಲಿನ ಮೊಡವೆ ಕಲೆ, ಮೊಣಕೈ ಗಡಸು, ತೋಳಿನ ಮೇಲಿನ ಕೋಳಿಚರ್ಮದಂಥ ಗುಳ್ಳೆ ಇವುಗಳಿಗೆ ಉಪಯೋಗ ಇದೆ. ಗುಳಿ ಬಿದ್ದ ಮೊಡವೆ ಕಲೆ, ಆಳವಾದ ಸುಕ್ಕು, ಹೆರಿಗೆಯ ನಂತರದ ಹೊಟ್ಟೆಯ ಗೆರೆ ಇದರಿಂದ ಹೋಗುವುದಿಲ್ಲ. ಅವು ಇರುವುದು ಇನ್ನೂ ಕೆಳಗಿನ ಪದರದಲ್ಲಿ. ಅಲ್ಲಿಯವರೆಗೆ ಉಜ್ಜಲು ಹೋದರೆ ರಕ್ತ ಬರುತ್ತದೆ ವಿನಾ ಕಲೆ ಹೋಗುವುದಿಲ್ಲ. ಮೈಬಣ್ಣ ಬಿಳಿ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಂತ 1: ನಿಮ್ಮ ಚರ್ಮ ತಯಾರಿದೆಯಾ ನೋಡಿ

ಬೆಳಗಿನ ಬೆಳಕಿನಲ್ಲಿ, ಕಿಟಕಿ ಹತ್ತಿರ, ಮುಖ ತೊಳೆದು ಕನ್ನಡಿ ಹಿಡಿಯಿರಿ. ಕೀವು ತುಂಬಿದ ಮೊಡವೆ, ಗಾಯ, ಬಿಸಿಲಿಗೆ ಸುಟ್ಟ ಕೆಂಪು, ಇಸುಬು, ಸೋರಿಯಾಸಿಸ್, ನರೂಲಿ, ತುಟಿಯ ಅಂಚಿನ ನೀರುಗುಳ್ಳೆ, ಇವುಗಳಲ್ಲಿ ಒಂದಿದ್ದರೂ ಯಂತ್ರ ಮುಟ್ಟಬೇಡಿ. ನೀರುಗುಳ್ಳೆ ಹರ್ಪಿಸ್ ವೈರಸ್ಸಿನದು. ಉಜ್ಜಿದರೆ ಮುಖವೆಲ್ಲ ಹರಡಬಹುದು. ಮೊದಲು ಯಾವಾಗಲಾದರೂ ಅದು ಬಂದಿದ್ದರೆ ವೈದ್ಯರಿಗೆ ಹೇಳಿಯೇ ಮುಂದುವರಿಯಿರಿ.

ನಮ್ಮ ಕರಾವಳಿಯವರು ಎರಡು ಸಂಗತಿಯನ್ನು ಜಾಸ್ತಿ ಗಮನಿಸಬೇಕು. ಒಂದು, ಬೆವರಿನಿಂದ ಬರುವ ಹುಳುಕಡ್ಡಿ. ಸೊಂಟ, ಬೆನ್ನು, ತೊಡೆ ಸಂದಿಯಲ್ಲಿ ಉಂಗುರದ ಹಾಗೆ ಇದ್ದು, ಅಂಚು ಉಬ್ಬಿ, ತುರಿಕೆ ಇದ್ದರೆ ಅದು ಫಂಗಸ್. ಅದನ್ನು 'ಒರಟು ಚರ್ಮ' ಅಂದುಕೊಂಡು ಟಿಪ್ ಎಳೆದವರನ್ನು ನೋಡಿದ್ದೇನೆ. ಅಂಗೈಯಷ್ಟಿದ್ದದ್ದು ಬೆನ್ನೆಲ್ಲ ಆಗಿತ್ತು.

ಇನ್ನೊಂದು, ಬಂಗು. ಕೆನ್ನೆ, ಮೂಗಿನ ಮೇಲೆ ಚಿಟ್ಟೆಯ ರೆಕ್ಕೆಯಂತೆ ಬರುವ ಕಂದು ಛಾಯೆ. ಬಸಿರಿನಲ್ಲಿ, ಬಿಸಿಲಿನಲ್ಲಿ ಹೆಚ್ಚಾಗುತ್ತದೆ. ಉಜ್ಜಿದ ಬಿಸಿಗೇ ಬಂಗು ಕಪ್ಪಾಗಬಹುದು. ಬಂಗು ಇರುವವರು ಇದನ್ನು ಮನೆಯಲ್ಲಿ ಮಾಡಲೇಬೇಡಿ, ಚರ್ಮ ವೈದ್ಯರಿಗೆ ತೋರಿಸಿ.

ಕತ್ತಿನ ಹಿಂದೆ ವೆಲ್ವೆಟ್ಟಿನಂತೆ ದಪ್ಪಗಾಗಿ ಕಪ್ಪಾದ ಚರ್ಮವನ್ನು 'ಕೊಳೆ' ಅಂತ ತಿಕ್ಕಬೇಡಿ. ಎಷ್ಟೋ ಸಲ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು. ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಕತ್ತು ತಿಕ್ಕಿಸಿಕೊಳ್ಳಲು ಬಂದವರನ್ನು ನಾನು ಮೊದಲು ಲ್ಯಾಬಿಗೆ ಕಳಿಸುತ್ತೇನೆ.

ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ಳುತ್ತಿದ್ದರೆ, ಅಥವಾ ನಿಲ್ಲಿಸಿ ಆರು ತಿಂಗಳು ಆಗಿರದಿದ್ದರೆ, ವೈದ್ಯರು ಒಪ್ಪದೆ ಮಾಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಗಾಯವಾದ ಕಡೆ ಗಂಟು ಕಟ್ಟುವ ಚರ್ಮ ಇರುವವರಿಗೂ ಇದೇ ಮಾತು.

ಕೊನೆಗೆ ಒಂದು ಪ್ರಶ್ನೆ: ಔಷಧಿ ಅಂಗಡಿಯಿಂದ ಸುಮ್ನೆ ಕೇಳಿ ತಂದ 'ಕಲೆಯ ಕ್ರೀಮ್' ತಿಂಗಳುಗಟ್ಟಲೆ ಹಚ್ಚುತ್ತಿದ್ದೀರಾ? ಟ್ಯೂಬ್ ತಿರುಗಿಸಿ ಓದಿ. ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಅದು ಚರ್ಮವನ್ನು ಕಾಗದದಷ್ಟು ತೆಳ್ಳಗೆ ಮಾಡಿರುತ್ತದೆ. ಅಂಥ ಮುಖಕ್ಕೆ ಈ ಯಂತ್ರ ಬೇಡವೇ ಬೇಡ.

ಹಂತ 2: ತಿಂಗಳು ಆರಿಸಿಕೊಳ್ಳಿ

ಮಾರ್ಚ್‌ನಿಂದ ಮೇವರೆಗೆ ಶುರು ಮಾಡಬೇಡಿ. ಕಾರವಾರದಿಂದ ಭಟ್ಕಳದವರೆಗೆ ಆ ಬಿಸಿಲು ಮೇಲಿನಿಂದ ಮಾತ್ರ ಬೀಳುವುದಲ್ಲ, ಮರಳು, ನೀರು ಎರಡರಿಂದಲೂ ತಿರುಗಿ ಮುಖಕ್ಕೆ ಹೊಡೆಯುತ್ತದೆ. ನಮ್ಮಂಥ ಗೋಧಿ, ಕಪ್ಪು ಮೈಬಣ್ಣದವರಿಗೆ ಉಜ್ಜಿದ ಚರ್ಮ ಬಿಸಿಲು ಕಂಡರೆ ಕಲೆ ಕಟ್ಟುವುದು ಬೇಗ.

ಒಳ್ಳೆಯ ಕಾಲ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ 61 ದಿನ ಯಾಂತ್ರಿಕ ದೋಣಿಗಳು ಕಾರವಾರದ ಬೈತಖೋಲ ಬಂದರಿನಲ್ಲೇ ನಿಂತಿರುತ್ತವೆ. ವರ್ಷವಿಡೀ ಉಪ್ಪುಗಾಳಿ, ಬಿಸಿಲಲ್ಲಿ ದುಡಿಯುವ ಗಂಡಸರಿಗೆ ಇದು ಸಿಗುವ ಒಂದೇ ಬಿಡುವು. ಅವರಿಗೆ ನಾನು ಹೇಳುವುದು ಜೂನ್ ಮಧ್ಯದಲ್ಲಿ ಶುರು ಮಾಡಿ ಜುಲೈ ಮಧ್ಯಕ್ಕೆ ಮುಗಿಸಿ ಅಂತ. ದೋಣಿ ಹತ್ತುವ ಹೊತ್ತಿಗೆ ಚರ್ಮ ಗಟ್ಟಿಯಾಗಿರುತ್ತದೆ. ಮಳೆಗಾಲದಲ್ಲಿ ಒಂದೇ ಎಚ್ಚರ: ಒದ್ದೆ ಟವೆಲ್, ಸರಿಯಾಗಿ ಒಣಗದ ಬಟ್ಟೆ ಉಜ್ಜಿದ ಚರ್ಮಕ್ಕೆ ತಾಗಬಾರದು.

ಶಿರಸಿ, ಸಿದ್ದಾಪುರದ ಕಡೆ ಡಿಸೆಂಬರ್, ಜನವರಿಯ ಚಳಿಗೆ ಮುಖ ಒಡೆಯುತ್ತದೆ. ಒಡೆದ ಚರ್ಮದ ಸಿಪ್ಪೆಯನ್ನು ಯಂತ್ರದಿಂದ ತೆಗೆಯಲು ಹೋಗಬೇಡಿ. ಅದಕ್ಕೆ ಬೇಕಾದ್ದು ಎಣ್ಣೆಯಂಶ.

ಮದುವೆ, ಮಾರಿಕಾಂಬಾ ಜಾತ್ರೆ, ಯಕ್ಷಗಾನದ ವೇಷ, ಏನೇ ಇರಲಿ, ಲೆಕ್ಕ ಹಿಂದಿನಿಂದ ಹಾಕಿ. ಮೊದಲ ಸಲ ಮಾಡುವುದು ಆ ದಿನಕ್ಕಿಂತ ಎಂಟು ವಾರ ಮೊದಲು. ಕೊನೆಯ ಸಲ ಹತ್ತು ದಿನ ಮೊದಲು. ಏಪ್ರಿಲ್, ಮೇ ತಿಂಗಳ ಮದುವೆಯಾದರೆ ಫೆಬ್ರವರಿ ಮುಗಿಯುವುದರೊಳಗೆ ನಿಲ್ಲಿಸಿ. ವೇಷ ಕಟ್ಟುವವರು ಮುಖಕ್ಕೆ ದಪ್ಪ ಬಣ್ಣ ಬಳಿದು ರಾತ್ರಿಯಿಡೀ ಇರುತ್ತಾರೆ, ಆಮೇಲೆ ಎಣ್ಣೆ ಹಾಕಿ ತಿಕ್ಕಿ ತೆಗೆಯುತ್ತಾರೆ. ಮೇಳದ ತಿರುಗಾಟದ ನಡುವೆ ಅವರು ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಹಂತ 3: ಸಾಮಾನು ಜೋಡಿಸಿಕೊಳ್ಳಿ

ಸಕ್ಷನ್ (ಗಾಳಿ ಹೀರುವ ಶಕ್ತಿ) ಹೆಚ್ಚು ಕಡಿಮೆ ಮಾಡಲು ಬರುವ ಯಂತ್ರ, ನಯವಾದ ಟಿಪ್ ಒಂದು, ಸ್ವಲ್ಪ ಒರಟಿನದು ಒಂದು, ಹೊಸ ಫಿಲ್ಟರ್, 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ, ನೊರೆ ಕಡಿಮೆ ಇರುವ ಫೇಸ್‌ವಾಶ್, ವಾಸನೆ ಇಲ್ಲದ ಮಾಯಿಶ್ಚರೈಸರ್, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್. ಸನ್‌ಸ್ಕ್ರೀನ್ ಮನೆಯಲ್ಲಿ ಇಲ್ಲದಿದ್ದರೆ ಯಂತ್ರದ ಪೆಟ್ಟಿಗೆ ಬಿಚ್ಚಲೇಬೇಡಿ.

ಚಾರ್ಜ್ ಪೂರ್ತಿ ಇರಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತಿದ್ದದ್ದೇ. ಬ್ಯಾಟರಿ ಇಳಿದಾಗ ಹೀರುವ ಶಕ್ತಿ ಕುಂದುತ್ತದೆ. ಆಗ ಕೈ ತಾನಾಗಿ ಒತ್ತಲು ಶುರು ಮಾಡುತ್ತದೆ. ಗಾಯವಾಗುವುದು ಹೀಗೆ ಒತ್ತಿದಾಗಲೇ. ಇನ್ನೊಂದು, ನೀರು. ಸಮುದ್ರದ ಹತ್ತಿರದ ಕೆಲವು ಬಾವಿಗಳ ನೀರು ಉಪ್ಪಾಗಿರುತ್ತದೆ. ಅದು ಉಜ್ಜಿದ ಚರ್ಮಕ್ಕೆ ಉರಿಯುತ್ತದೆ. ಕುಡಿಯುವ ನೀರನ್ನು ಕುದಿಸಿ ಆರಿಸಿ ಒಂದು ಚೊಂಬು ಇಟ್ಟುಕೊಳ್ಳಿ.

ಯಂತ್ರದ ಬದಲು ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪು, ಸಕ್ಕರೆ, ಅಕ್ಕಿ ತರಿಯಿಂದ ಮುಖ ತಿಕ್ಕುವವರಿದ್ದಾರೆ. ಆ ಉಪ್ಪು ಅಪ್ಪೆಮಿಡಿ ಉಪ್ಪಿನಕಾಯಿಗೆ ಸರಿ. ಅದರ ಹರಳಿನ ಅಂಚು ಚೂಪು, ಗಾತ್ರ ಒಂದೇ ಸಮ ಇರುವುದಿಲ್ಲ, ಎಲ್ಲಿ ಎಷ್ಟು ಗೀರಿತು ಅಂತ ತಿಳಿಯುವುದೂ ಇಲ್ಲ.

ಹಂತ 4: ಒಂದು ವಾರ ಮೊದಲೇ ನಿಲ್ಲಿಸಬೇಕಾದ್ದು

ರೆಟಿನಾಲ್, ಟ್ರೆಟಿನಾಯಿನ್, ಅಡಾಪಲೀನ್ ಕ್ರೀಮ್, ಗ್ಲೈಕಾಲಿಕ್ ಅಥವಾ ಸ್ಯಾಲಿಸಿಲಿಕ್ ಆಮ್ಲ ಇರುವ ಸೀರಮ್, ಸ್ಕ್ರಬ್, ಬ್ಲೀಚ್, ವ್ಯಾಕ್ಸಿಂಗ್, ಥ್ರೆಡಿಂಗ್, ಎಲ್ಲ ಬಂದ್. ವೈದ್ಯರು ಕೊಟ್ಟ ಕ್ರೀಮ್ ಆದರೆ ಅವರನ್ನು ಕೇಳಿ ನಿಲ್ಲಿಸಿ.

ಈ ಹಂತವನ್ನು ಬಿಟ್ಟವರಲ್ಲಿ ನಾನೂ ಒಬ್ಬಳು. ಮೊದಲ ಸಲ ಶಿರಸಿಯ ತವರುಮನೆಯಲ್ಲಿ ಮಾಡಿಕೊಂಡಾಗ ಹಿಂದಿನ ರಾತ್ರಿ ರೆಟಿನಾಲ್ ಹಚ್ಚಿದ್ದೆ. ಕಡಿಮೆ ಸಕ್ಷನ್, ಒಂದೇ ಸಲ ಎಳೆದದ್ದು. ಆದರೂ ತಣ್ಣೀರು ತಾಗಿದರೆ ಮೆಣಸಿನ ಪುಡಿ ಬಿದ್ದ ಹಾಗೆ ಉರಿ. ನಾಲ್ಕು ದಿನ ಬಾಯಿ ಅಗಲಿಸಿ ನಗಲು ಆಗಲಿಲ್ಲ. ರೆಟಿನಾಲ್ ಆ ಸತ್ತ ಪದರವನ್ನು ಮೊದಲೇ ತೆಳ್ಳಗೆ ಮಾಡಿತ್ತು. ಯಂತ್ರಕ್ಕೆ ಸಿಕ್ಕಿದ್ದು ಜೀವಂತ ಚರ್ಮ.

ಹಂತ 5: ಪ್ಯಾಚ್ ಟೆಸ್ಟ್

ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಎರಡು ಬೆರಳಿನಷ್ಟು ಜಾಗ ಆರಿಸಿಕೊಳ್ಳಿ. ನಯವಾದ ಟಿಪ್, ಎಲ್ಲಕ್ಕಿಂತ ಕಡಿಮೆ ಸಕ್ಷನ್, ಒಂದೇ ಸಲ. ಆಮೇಲೆ 48 ಗಂಟೆ ಕಾಯಿರಿ. ತುಸು ಗುಲಾಬಿ ಆಗಿ ಒಂದು ದಿನದೊಳಗೆ ಹೋದರೆ ಸರಿ. ಎರಡನೇ ದಿನವೂ ಕೆಂಪಿದ್ದರೆ, ಕೆಂಪು ಚುಕ್ಕಿ ಎದ್ದರೆ ನಿಮ್ಮ ಚರ್ಮಕ್ಕೆ ಇದು ಈಗ ಬೇಡ. ಹಿಂದೆ ಸಣ್ಣ ಗಾಯಕ್ಕೂ ಕಪ್ಪು ಕಲೆ ಉಳಿದ ಅನುಭವ ಇರುವವರು 48 ಗಂಟೆಗೆ ನಿಲ್ಲಬೇಡಿ, ಮೂರು ವಾರ ಕಾದು ನೋಡಿ. ಕಲೆ ಕಟ್ಟುವುದಿದ್ದರೆ ಅಷ್ಟರಲ್ಲಿ ತಿಳಿಯುತ್ತದೆ.

ಹಂತ 6: ಮುಖಕ್ಕೆ ಮಾಡುವುದು

ಸಂಜೆ ಮಾಡಿ. ಆಮೇಲೆ ಹೊರಗೆ ಹೋಗುವ ಕೆಲಸ ಇರಬಾರದು. ಕಾಂಟ್ಯಾಕ್ಟ್ ಲೆನ್ಸ್ ತೆಗೆಯಿರಿ, ಕೂದಲು ಹಿಂದಕ್ಕೆ ಕಟ್ಟಿ. ಮುಖ ತೊಳೆದು ಪೂರ್ತಿ ಒಣಗಲು ಹತ್ತು ನಿಮಿಷ ಬಿಡಿ. ವಜ್ರದ ಟಿಪ್ ಒಣ ಚರ್ಮಕ್ಕೆ ಮಾಡಿದ್ದು. ಬೆವರಿದ್ದರೆ ಟಿಪ್ ಒಂದು ಕಡೆ ಜಾರುತ್ತದೆ, ಇನ್ನೊಂದು ಕಡೆ ಕಚ್ಚಿಕೊಳ್ಳುತ್ತದೆ. ನಮ್ಮ ಸೆಕೆಗೆ ಫ್ಯಾನ್ ಕೆಳಗೆ ಕೂರುವುದು ಅಗತ್ಯ.

ಇನ್ನು ಕೈ ಕೆಲಸ. ಎಡಗೈಯ ಎರಡು ಬೆರಳಿನಿಂದ ಚರ್ಮವನ್ನು ಬಿಗಿಯಾಗಿ ಹಿಗ್ಗಿಸಿ ಹಿಡಿಯಿರಿ. ಬಲಗೈಯಲ್ಲಿ ಟಿಪ್ ಇಟ್ಟು, ಒತ್ತದೆ, ಉದ್ದಕ್ಕೆ ಒಂದೇ ವೇಗದಲ್ಲಿ ಎಳೆಯಿರಿ. ಗೆರೆಯ ಕೊನೆಗೆ ಬಂದಾಗ ಟಿಪ್ ಎತ್ತಿ. ಎತ್ತಿದ ಮೇಲೇ ಮುಂದಿನ ಗೆರೆ. ಹಿಂದೆ ಮುಂದೆ ತಿಕ್ಕುವುದು, ಸುತ್ತು ಹಾಕುವುದು ಇಲ್ಲ. ಚರ್ಮ ಸಡಿಲ ಬಿಟ್ಟರೆ ಅದು ತೂತಿನೊಳಗೆ ಮಡಚಿಕೊಂಡು ಹೋಗುತ್ತದೆ. ಟಿಪ್ ಒಂದು ಸೆಕೆಂಡ್ ನಿಂತರೂ ಗುಂಡಗೆ ರಕ್ತ ಹೆಪ್ಪುಗಟ್ಟಿದ ಗುರುತು ಬೀಳಬಹುದು.

ದಾರಿ ಹೀಗೆ: ಹಣೆಯಲ್ಲಿ ನಡುವಿನಿಂದ ಎರಡೂ ಕಣತಲೆಯ ಕಡೆಗೆ. ಕೆನ್ನೆಯಲ್ಲಿ ಮೂಗಿನ ಬದಿಯಿಂದ ಕಿವಿಯ ಕಡೆಗೆ. ಗದ್ದದಲ್ಲಿ ನಡುವಿನಿಂದ ದವಡೆಗೆ. ಮೂಗಿನಲ್ಲಿ ಮೇಲಿನಿಂದ ಕೆಳಗೆ, ಚಿಕ್ಕ ಟಿಪ್ ಇದ್ದರೆ ಅದರಲ್ಲಿ. ಕಣ್ಣಿನ ಸುತ್ತ ಮೂಳೆಯ ಒಳಭಾಗ, ರೆಪ್ಪೆ, ತುಟಿ ಬಿಟ್ಟುಬಿಡಿ. ಉಬ್ಬಿದ ಮಚ್ಚೆ ಸಿಕ್ಕಿದರೆ ಬದಿಯಿಂದ ಹೋಗಿ.

ಮೊದಲ ಸಲ ಇಡೀ ಮುಖಕ್ಕೆ ಒಂದೇ ಸುತ್ತು. ಐದರಿಂದ ಏಳು ನಿಮಿಷಕ್ಕೆ ಮುಗಿಯುತ್ತದೆ. 'ಇಷ್ಟೇನಾ, ಏನೂ ಆದ ಹಾಗೇ ಇಲ್ಲ' ಅನಿಸುತ್ತದೆ, ಅಲ್ವಾ? ಎಲ್ಲರಿಗೂ ಅನಿಸುತ್ತದೆ. ಎರಡನೇ ಸುತ್ತಿಗೆ ಕೈ ಹೋಗುವುದು ಆಗಲೇ. ಅಲ್ಲಿ ನಿಲ್ಲಿಸಿ, ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬಿಳಿ ಹತ್ತಿಯ ನಡುವೆ ಬೂದಿಯಂಥ ನುಣುಪು ಪುಡಿ, ತೆಳುವಾಗಿ, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ವೃತ್ತ. ಕೆಲಸ ಆಗಿದೆ ಅನ್ನುವುದಕ್ಕೆ ಅಷ್ಟು ಸಾಕು. ಪುಡಿ ಗುಲಾಬಿ ಕಂಡರೆ ಹೆಚ್ಚಾಗಿದೆ ಎಂದು ಅರ್ಥ.

ಮೂರನೇ ಸಲದಿಂದ, ಎಲ್ಲ ಸರಿ ಹೋದರೆ, ಹಣೆ ಮತ್ತು ಮೂಗಿಗೆ ಮಾತ್ರ ಎರಡನೇ ಸುತ್ತು ಸೇರಿಸಬಹುದು. ಮೊದಲಿನದಕ್ಕೆ ಅಡ್ಡಲಾಗಿ. ಕೆನ್ನೆಗೆ ಒಂದೇ ಸುತ್ತು ಸಾಕು.

ಹಂತ 7: ಕತ್ತು, ತೋಳು, ಬೆನ್ನು

ಮುಖ ಮಾಡಿದ ದಿನವೇ ಮೈಗೆ ಮಾಡಬೇಡಿ. ಟಿಪ್ ಬೇರೆ ಇರಲಿ.

ಕತ್ತಿನ ಚರ್ಮ ಮುಖಕ್ಕಿಂತ ನಾಜೂಕು. ನಯವಾದ ಟಿಪ್, ಕಡಿಮೆ ಸಕ್ಷನ್, ಕೆಳಗಿನಿಂದ ಮೇಲೆ, ಒಂದೇ ಸುತ್ತು. ಗಂಟಲ ನಡುಭಾಗ ಬಿಡಿ. ಮೊಣಕೈ, ಮೊಣಕಾಲಿಗೆ ಒರಟು ಟಿಪ್ ನಡೆಯುತ್ತದೆ. ಕೀಲು ಮಡಚಿದರೆ ಚರ್ಮ ತಾನೇ ಬಿಗಿಯಾಗುತ್ತದೆ. ಬೆನ್ನನ್ನು ಒಬ್ಬರೇ ಮಾಡಿಕೊಳ್ಳಲು ಹೋಗಬೇಡಿ, ಕಾಣದ ಜಾಗದಲ್ಲಿ ಟಿಪ್ ಎಲ್ಲಿ ನಿಂತಿತು ಅಂತ ಗೊತ್ತಾಗುವುದಿಲ್ಲ. ಕೈಕಾಲಿನ ಚರ್ಮ ಮುಖಕ್ಕಿಂತ ನಿಧಾನ ಮಾಯುತ್ತದೆ. ಹಾಗಾಗಿ ಮೈಗೆ ನಾಲ್ಕು ವಾರಕ್ಕೊಮ್ಮೆ ಸಾಕು.

ತೋಳಿನ ಕೋಳಿಚರ್ಮದ ಗುಳ್ಳೆಗೆ ಯಂತ್ರ ಅರ್ಧ ಕೆಲಸ ಮಾತ್ರ ಮಾಡುತ್ತದೆ. ನಾಲ್ಕನೇ ದಿನದಿಂದ 10 ಶೇಕಡಾ ಯೂರಿಯಾ ಇರುವ ಕ್ರೀಮ್ ದಿನಾ ಹಚ್ಚಿದರೆ ನಯ ಉಳಿಯುತ್ತದೆ. ನಿಲ್ಲಿಸಿದರೆ ಗುಳ್ಳೆ ಮತ್ತೆ ಬರುತ್ತದೆ.

ಅಡಿಕೆ ಸುಲಿದು ಕಪ್ಪಾದ ಬೆರಳಿಗೆ ಮಾಡಬಹುದಾ ಅಂತ ಶಿರಸಿ ಕಡೆಯ ಹೆಂಗಸರು ಕೇಳುತ್ತಾರೆ. ಬೇಡ. ಅದು ಅಡಿಕೆಯ ಚೊಗರು ಹಿಡಿದ ಬಣ್ಣ, ಕೊಯ್ಲು ಮುಗಿದ ಮೇಲೆ ಚರ್ಮ ಬದಲಾದಂತೆ ತಾನೇ ಹೋಗುತ್ತದೆ. ಸೀಳು ಬಿಟ್ಟ ಬೆರಳಿಗೆ ಯಂತ್ರ ಹಿಡಿದರೆ ಸೀಳು ಆಳವಾಗುತ್ತದೆ.

ಹಂತ 8: ಆಮೇಲಿನ ಏಳು ದಿನ

ಮೊದಲ ರಾತ್ರಿ: ಆರಿಸಿಟ್ಟ ನೀರಿನಿಂದ ಮುಖ ತೊಳೆಯಿರಿ, ಒರೆಸಬೇಡಿ, ಒತ್ತಿ ಒಣಗಿಸಿ. ಮಾಯಿಶ್ಚರೈಸರ್ ಮಾತ್ರ ಹಚ್ಚಿ. ನಿಂಬೆರಸ, ಅರಿಸಿನ, ಕಡಲೆ ಹಿಟ್ಟು, ತೋಟದಿಂದ ಕಿತ್ತು ತಂದ ಲೋಳೆಸರ ಏನೂ ಬೇಡ. ಹಸಿ ಲೋಳೆಸರದ ಹಳದಿ ರಸ ಎಷ್ಟೋ ಜನರಿಗೆ ತುರಿಕೆ ತರುತ್ತದೆ. ಮೊಣಕೈ, ಮೊಣಕಾಲಿಗಾದರೆ ನಮ್ಮ ಮುರುಗಲು ತುಪ್ಪ ತುಂಬ ಒಳ್ಳೆಯದು. ಅಂಗೈಯಲ್ಲಿ ತಿಕ್ಕಿ ಕರಗಿಸಿ ಹಚ್ಚಿ. ಮುಖಕ್ಕೆ ಮಾತ್ರ, ಕರಾವಳಿಯ ಸೆಕೆಯಲ್ಲಿ, ಅದು ಭಾರ.

ಮೊದಲ 24 ಗಂಟೆ ಮೇಕಪ್, ಬಿಸಿನೀರಿನ ತಲೆಸ್ನಾನ, ಬೆವರಿಳಿಯುವ ಕೆಲಸ ಬೇಡ. ಒಲೆಯ ಮುಂದೆ ನಿಂತು ದೋಸೆ ಹೊಯ್ಯುವುದೂ ಬಿಸಿಯೇ. ಆ ದಿನ ಅಡುಗೆ ಬೇರೆಯವರಿಗೆ ಬಿಡಿ. ಸಮುದ್ರಸ್ನಾನ ಒಂದು ವಾರ ಇಲ್ಲ.

ಮರುದಿನ ಬೆಳಗಿನಿಂದ ಸನ್‌ಸ್ಕ್ರೀನ್. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದಷ್ಟು ಮುಖಕ್ಕೆ, ಕತ್ತಿಗೆ ಬೇರೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಮೋಡ ಮುಚ್ಚಿದ ದಿನವೂ ಬೇಕು. ಬಣ್ಣ ಬೆರೆಸಿದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಸಿಕ್ಕಿದರೆ ನಮ್ಮ ಮೈಬಣ್ಣಕ್ಕೆ ಅದು ಇನ್ನೂ ಒಳ್ಳೆಯದು, ಕಲೆ ಕಪ್ಪಾಗಿಸುವ ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುತ್ತದೆ. ಜೊತೆಗೆ ಕೊಡೆ, ಅಗಲ ಅಂಚಿನ ಟೊಪ್ಪಿ. ರೆಟಿನಾಲ್, ಆಮ್ಲದ ಸೀರಮ್ ಏಳನೇ ದಿನದವರೆಗೆ ಮುಟ್ಟಬೇಡಿ. ಸಣ್ಣ ಸಿಪ್ಪೆ ಎದ್ದರೆ ಕೀಳಬೇಡಿ.

ಇವು ಕಂಡರೆ ತಡ ಮಾಡಬೇಡಿ

ಕೆಂಪು ಎರಡು ದಿನ ದಾಟಿದರೂ ಇಳಿಯದಿರುವುದು. ನೀರು ಒಸರುವುದು, ಹಳದಿ ಹೊಪ್ಪಳೆ ಕಟ್ಟುವುದು, ಮುಟ್ಟಿದರೆ ಬಿಸಿ ಬಿಸಿ, ನೋವು, ಜ್ವರ: ಇವು ಸೋಂಕಿನವು. ತುಟಿ ಸುತ್ತ ಗೊಂಚಲಾಗಿ ನೀರುಗುಳ್ಳೆ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ. ವೈರಸ್ಸಿನ ಔಷಧ ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಒಂದರಿಂದ ಮೂರು ವಾರದೊಳಗೆ ಕಂದು ಗೆರೆ ಮೂಡಿದರೆ ಯಂತ್ರ ಪೂರ್ತಿ ನಿಲ್ಲಿಸಿ, ಸನ್‌ಸ್ಕ್ರೀನ್ ಮುಂದುವರಿಸಿ, ಚರ್ಮ ವೈದ್ಯರಿಗೆ ತೋರಿಸಿ. ಕಲೆ ತೆಗೆಯಲು ಅದರ ಮೇಲೇ ಮತ್ತೆ ಟಿಪ್ ಎಳೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೊದಲು ಹೇಳಿದ ಹುಡುಗಿಯೂ ಅದನ್ನೇ ಮಾಡಿದ್ದಳು. ಗೆರೆ ಅಷ್ಟು ಗಾಢವಾಗಲು ಅದೂ ಒಂದು ಕಾರಣ.

ದೂರ ಹೋಗಲಾಗದವರು ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ ಚರ್ಮರೋಗ ವೈದ್ಯರ ಹೊರರೋಗಿ ಸಮಯ ಕೇಳಿಕೊಳ್ಳಿ. ಹೋಗುವಾಗ ಹಚ್ಚಿದ ಎಲ್ಲ ಟ್ಯೂಬುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಹಂತ 9: ತೊಳೆದಿಡುವುದು, ಮುಂದಿನ ಸಲ

ಮುಗಿದ ಕೂಡಲೇ ಫಿಲ್ಟರ್ ಎಸೆಯಿರಿ. ಟಿಪ್ಪನ್ನು ಸೋಪುನೀರಿನಲ್ಲಿ ಮೆತ್ತನೆಯ ಬ್ರಷ್ ಹಾಕಿ ತೊಳೆದು, ಆಲ್ಕೋಹಾಲಿನಲ್ಲಿ ಹತ್ತು ನಿಮಿಷ ಅದ್ದಿಟ್ಟು, ಗಾಳಿಗೆ ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಒದ್ದೆ ಟಿಪ್ಪನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಸು ಬರುತ್ತದೆ. ಅಕ್ಕ ತಂಗಿ ಆದರೂ ಟಿಪ್ ಹಂಚಿಕೊಳ್ಳಬೇಡಿ.

ಚರ್ಮ ಹೊಸದಾಗಲು ಸುಮಾರು 28 ದಿನ ಬೇಕು, ವಯಸ್ಸಾದಂತೆ ಇನ್ನೂ ಜಾಸ್ತಿ. ಮುಖಕ್ಕೆ ಎರಡು ವಾರಕ್ಕಿಂತ ಮೊದಲು ಮತ್ತೆ ಮಾಡಬೇಡಿ. ನಲವತ್ತು ದಾಟಿದವರು ಮೂರು ನಾಲ್ಕು ವಾರ ಬಿಡಿ. ಪ್ರತಿ ಸಲ ಶುರು ಮಾಡುವ ಮುಂಚೆ ಅದೇ ಕಿಟಕಿ ಹತ್ತಿರ, ಅದೇ ಹೊತ್ತಿಗೆ ಒಂದು ಫೋಟೋ ತೆಗೆದಿಡಿ. ನಾಲ್ಕನೇ ಸಲಕ್ಕೆ ಮುಂಚೆ ಎಲ್ಲ ಫೋಟೋ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ಸಕ್ಷನ್ ಏರಿಸಬೇಡಿ. ನಿಮ್ಮ ಕಲೆ ಈ ಯಂತ್ರ ಮುಟ್ಟುವ ಪದರದಲ್ಲಿ ಇಲ್ಲ. ಯಂತ್ರ ಎತ್ತಿಟ್ಟು, ಆ ಫೋಟೋಗಳನ್ನು ವೈದ್ಯರಿಗೆ ತೋರಿಸಿ.